ಕೈಕಸುಬೂ ಒಂದು ವಿದ್ಯೆಯೇ



ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಸಂಘದ ಯಾವ ಕಾರ್ಯಕ್ರಮಕ್ಕೆ ಬಂದರೂ ಹಿರಿಯರು ನಿಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಏನಪ್ಪಾ, ಎಷ್ಟು ಪರ್ಸೆಂಟ್ ಬಂತು? ಮುಂದೆ ಸೈನ್ಸೋ ಕಾಮರ್ಸೋ?" ಪ್ರಶ್ನೆಯಲ್ಲೇ ಎರಡು ಬಾಗಿಲುಗಳನ್ನು ತೆರೆದಿಟ್ಟು ಉಳಿದವನ್ನೆಲ್ಲ ಮುಚ್ಚಿಬಿಟ್ಟಿರುತ್ತಾರೆ. ಐ.ಟಿ.ಐ. ಸೇರುತ್ತೇನೆ, ಫಿಟ್ಟರ್ ಆಗುತ್ತೇನೆ, ಎಲೆಕ್ಟ್ರಿಷಿಯನ್ ಆಗುತ್ತೇನೆ ಎಂದು ಒಬ್ಬ ಹುಡುಗ ಹೇಳಿದರೆ ಸುತ್ತಲಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಯಾರಾದರೂ ಮೆಲ್ಲಗೆ, "ಯಾಕೆ, ಮಾರ್ಕ್ಸ್ ಕಮ್ಮಿ ಬಂತೇ?" ಎನ್ನುತ್ತಾರೆ. ಕಸುಬು ಕಲಿಯುವುದೆಂದರೆ ಓದಿನಲ್ಲಿ ಸೋತವರ ಗತಿ ಎಂಬ ಭಾವನೆ ಅಷ್ಟು ಗಟ್ಟಿಯಾಗಿ ನಮ್ಮೊಳಗೆ ಕೂತಿದೆ. ಈ ಲೇಖನ ಆ ಭಾವನೆಯ ಬಗ್ಗೆ.

ಆಂಗ್ಲ ಸಾಹಿತ್ಯದಲ್ಲಿ ಬಿ.ಎ. ಮಾಡಿದ ನಾನು ಪದವಿಯನ್ನು ಹಳಿಯಲು ಹೊರಟಿಲ್ಲ. ಓದಿನಲ್ಲಿ ಆಸಕ್ತಿ ಇರುವವರು ಅವಶ್ಯವಾಗಿ ಓದಲಿ, ಎಷ್ಟು ಬೇಕಾದರೂ ಓದಲಿ. ಆದರೆ ಆಸಕ್ತಿಯಿಲ್ಲದೆ, "ಎಲ್ಲರೂ ಮಾಡುತ್ತಾರೆ" ಎಂಬ ಒಂದೇ ಕಾರಣಕ್ಕೆ ಮೂರು ನಾಲ್ಕು ವರ್ಷ ಕಳೆದು, ಸಾಲ ಮಾಡಿ ಪದವಿ ಪಡೆದು, ಆಮೇಲೆ ಸಿಕ್ಕ ಕೆಲಸಕ್ಕೆ ಸೇರಿ ಬೇಸರದಿಂದ ದಿನ ಎಣಿಸುವವರು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಸರ್ಕಾರ ನಡೆಸುವ ಉದ್ಯೋಗ ಸಮೀಕ್ಷೆಗಳಲ್ಲಿ ವರ್ಷವರ್ಷವೂ ಕಾಣುವ ಒಂದು ವಿಚಿತ್ರವಿದೆ: ನಿರುದ್ಯೋಗದ ಪ್ರಮಾಣ ಶಾಲೆಗೆ ಹೋಗದವರಿಗಿಂತ ಪದವೀಧರರಲ್ಲೇ ಹೆಚ್ಚು. ಪದವಿ ಬೇಡವೆಂದು ಇದರ ಅರ್ಥವಲ್ಲ. ಪದವಿ ಕೈಯಲ್ಲಿದ್ದ ಮಾತ್ರಕ್ಕೆ ಕೆಲಸ ಕಟ್ಟಿಟ್ಟ ಬುತ್ತಿಯಲ್ಲ ಎಂದಷ್ಟೇ ಅರ್ಥ.

ಅಪ್ಪ ಅಮ್ಮನ ಆಸೆ ಎಲ್ಲಿಂದ ಬಂತು?

ನಿಮ್ಮ ತಂದೆ ತಾಯಿ, ಅಜ್ಜ ಅಜ್ಜಿ ಪದವಿಗಾಗಿ ಇಷ್ಟು ಹಂಬಲಿಸುವುದಕ್ಕೆ ಕಾರಣವಿದೆ. ಅದನ್ನು ಹಗುರವಾಗಿ ಕಾಣಬೇಡಿ. ಮುಂಬಯಿಗೆ ಬಂದ ಕನ್ನಡಿಗರ ಒಂದು ದೊಡ್ಡ ಪೀಳಿಗೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕೈ ತೊಳೆದುಕೊಂಡು ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಓದಿತು. ಅವರಿಗೆ ಓದು ಎಂದರೆ ಬಿಡುಗಡೆ. ಮೇಜು ಒರೆಸುವ ಕೈಗೆ ಪೆನ್ನು ಬಂದ ದಿನ ಅವರ ಜೀವನ ಬದಲಾಯಿತು. "ನಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡ" ಎಂದು ಅವರು ಅಂದುಕೊಂಡದ್ದು ನ್ಯಾಯವೇ.

ಆದರೆ ಇಲ್ಲಿ ಒಂದು ವಿವೇಚನೆ ಬೇಕು. ಆ ಪೀಳಿಗೆ ತಪ್ಪಿಸಿಕೊಳ್ಳಲು ಬಯಸಿದ್ದು ಯಾರು ಬೇಕಾದರೂ ಮಾಡಬಹುದಾದ, ಎಷ್ಟು ವರ್ಷ ಮಾಡಿದರೂ ಹೊಸದೇನನ್ನೂ ಕಲಿಸದ ದುಡಿಮೆಯಿಂದ. ಕಸುಬು ಹಾಗಲ್ಲ. ಅದನ್ನು ಕಲಿಯಬೇಕು, ಅಭ್ಯಾಸ ಮಾಡಬೇಕು, ಪರೀಕ್ಷೆ ಕಟ್ಟಬೇಕು. ಹತ್ತು ವರ್ಷದ ಅನುಭವವಿರುವವನಿಗೂ ಒಂದು ವರ್ಷದವನಿಗೂ ಅಜಗಜಾಂತರ ಇರುತ್ತದೆ. ಕೂಲಿಗೂ ಕಸುಬಿಗೂ ಇರುವ ಈ ಅಂತರವನ್ನು ಮನೆಯಲ್ಲಿ ಬಿಡಿಸಿ ಹೇಳಬಲ್ಲಿರಾದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಕಸುಬಿನೊಳಗಿನ ವಿದ್ಯೆ

ಫಿಟ್ಟರ್ ತರಗತಿಯನ್ನೇ ತೆಗೆದುಕೊಳ್ಳಿ. ಇದು ಎರಡು ವರ್ಷದ ಶಿಕ್ಷಣ. ಮೊದಲ ತಿಂಗಳುಗಳಲ್ಲಿ ಹುಡುಗನ ಕೈಗೆ ಬರುವುದು ಒಂದು ಅರ ಮತ್ತು ಒಂದು ಉಕ್ಕಿನ ತುಂಡು. ಅದನ್ನು ವೈಸಿಗೆ ಬಿಗಿದು, ಅರದಿಂದ ಉಜ್ಜಿ ಉಜ್ಜಿ ಸಮತಟ್ಟು ಮಾಡಬೇಕು. ಸಮವಾಯಿತೇ ಎಂದು ನೋಡಲು ಅಳತೆಯ ಪಟ್ಟಿಯನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿಯುತ್ತಾರೆ. ನಡುವೆ ಬೆಳಕಿನ ಗೆರೆ ತೂರಿ ಬಂದರೆ ಮತ್ತೆ ಉಜ್ಜಬೇಕು. ಆಮೇಲೆ ಮೈಕ್ರೋಮೀಟರ್ ಬರುತ್ತದೆ. ಅದು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅಳೆಯುವ ಸಾಧನ. ನಮ್ಮ ತಲೆಗೂದಲಿನ ದಪ್ಪ ಅದರ ಹಲವು ಪಟ್ಟು ಇರುತ್ತದೆ. ಕೊನೆಗೆ ಒಂದು ತುಂಡಿನಲ್ಲಿ ಚೌಕದ ಗುಂಡಿ, ಇನ್ನೊಂದರಲ್ಲಿ ಅದಕ್ಕೆ ಕೂರುವ ಚೌಕ ಮಾಡಿ, ಯಾವ ಕಡೆ ತಿರುಗಿಸಿ ಹಾಕಿದರೂ ಸರಿಯಾಗಿ ಕೂರುವಂತೆ ಮಾಡಬೇಕು. "ಈಗ ಎಲ್ಲ ಕಂಪ್ಯೂಟರ್ ಯಂತ್ರ ಮಾಡುವುದಿಲ್ಲವೇ?" ಎಂದು ನೀವು ಕೇಳಬಹುದು. ಮಾಡುತ್ತದೆ. ಆದರೆ ಆ ಯಂತ್ರ ತಪ್ಪು ಮಾಡಿದಾಗ ಎಲ್ಲಿ ತಪ್ಪಿತು ಎಂದು ಗುರುತಿಸುವುದು ಕೈಯಿಂದ ಕಲಿತವನಿಗೇ ಸುಲಭ.

ಇನ್ನು ವೆಲ್ಡಿಂಗ್. ಬೀದಿಯಲ್ಲಿ ಗೇಟು ಬೆಸೆಯುವುದನ್ನಷ್ಟೇ ನಾವು ನೋಡಿರುತ್ತೇವೆ. ತೈಲ ಶುದ್ಧೀಕರಣ ಘಟಕದ ಅಥವಾ ವಿದ್ಯುತ್ ಸ್ಥಾವರದ ಕೊಳವೆ ಬೆಸೆಯುವವನ ಪರೀಕ್ಷೆಯೇ ಬೇರೆ. ಕೊಳವೆಯನ್ನು 45 ಡಿಗ್ರಿ ಓರೆಯಾಗಿ ಅಲುಗಾಡದಂತೆ ನಿಲ್ಲಿಸುತ್ತಾರೆ. ಅದನ್ನು ತಿರುಗಿಸುವಂತಿಲ್ಲ, ಬೆಸೆಯುವವನೇ ಸುತ್ತ ತಿರುಗಬೇಕು. ಮುಗಿದ ಮೇಲೆ ಆ ಬೆಸುಗೆಗೆ ನಮ್ಮ ಮುರಿದ ಕೈಗೆ ತೆಗೆಯುವಂತೆಯೇ ಎಕ್ಸ್-ರೇ ತೆಗೆಯುತ್ತಾರೆ. ಒಳಗೆ ಮಿತಿ ಮೀರಿ ಗಾಳಿಗುಳ್ಳೆ ಇದ್ದರೆ ನಪಾಸು. ಅಲ್ಲಿ ಮಾತಿಗೆ, ಶಿಫಾರಸಿಗೆ ಜಾಗವಿಲ್ಲ.

ಗೃಹಿಣಿಯಾದ ನನಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದು ಉದಾಹರಣೆ ಏರ್ ಕಂಡೀಷನರ್. ನಮ್ಮ ಮನೆಯ ಯಂತ್ರ ತಂಪು ಕೊಡದಾದಾಗ ಒಬ್ಬ ಮೆಕ್ಯಾನಿಕ್ ಬಂದು "ಗ್ಯಾಸ್ ಖಾಲಿಯಾಗಿದೆ" ಎಂದು ತುಂಬಿಸಿ ಹಣ ಪಡೆದು ಹೋಗುತ್ತಿದ್ದ. ಹೀಗೆ ಎರಡು ಬೇಸಗೆ ಕಳೆಯಿತು. ಮೂರನೆಯ ಬೇಸಗೆಯಲ್ಲಿ ಬಂದ ಹುಡುಗ ಐ.ಟಿ.ಐ.ನಲ್ಲಿ ಕಲಿತವನು. "ಆಂಟಿ, ಇದರೊಳಗಿನ ಗ್ಯಾಸ್ ಒಲೆಯ ಗ್ಯಾಸಿನಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ," ಎಂದ. ನೈಟ್ರೋಜನ್ ತುಂಬಿ, ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ಹುಡುಕಿ ಸರಿಪಡಿಸಿದ. ಆಮೇಲೆ ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದ. ಏಕೆಂದು ಕೇಳಿದೆ. ಒತ್ತಡ ಕಡಿಮೆಯಾದರೆ ನೀರು ಕೋಣೆಯ ಶಾಖದಲ್ಲೇ ಆವಿಯಾಗುತ್ತದೆ, ಹಾಗಾಗಿ ಒಳಗಿನ ತೇವವೆಲ್ಲ ಹೊರಟುಹೋಗುತ್ತದೆ. ತೇವ ಉಳಿದರೆ ಮುಂದೆ ಕಂಪ್ರೆಸರ್ ಕೆಡುತ್ತದೆ ಎಂದು ವಿವರಿಸಿದ. ನೀವು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಮರೆತ ಭೌತಶಾಸ್ತ್ರ ಅವನ ಬೆರಳ ತುದಿಯಲ್ಲಿತ್ತು.

ಈ ಇಬ್ಬರಲ್ಲಿ ಯಾರಿಗೆ ಮತ್ತೆ ಕರೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ. ಅರೆಬರೆ ಕಲಿತವರಿಗೆ ಕಸುಬು ಅರೆಹೊಟ್ಟೆ, ಪೂರ್ತಿ ಕಲಿತವರಿಗೆ ಅದೇ ಗೌರವ. ಆದ್ದರಿಂದ ಕಸುಬನ್ನು ಆರಿಸುವುದಾದರೆ ಬೇರೇನೂ ಸಿಗದೆ ಕೊನೆಗೆ ಆರಿಸಬೇಡಿ. ವೈದ್ಯಕೀಯ ಓದುವವರಿಗೆ ಇರುವಷ್ಟೇ ಶ್ರದ್ಧೆಯಿಂದ, ಯೋಚಿಸಿ, ಮೊದಲ ಆಯ್ಕೆಯಾಗಿ ಆರಿಸಿ.

ದಾರಿ ಹೇಗೆ?

ನಮ್ಮ ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ. ಐ.ಟಿ.ಐ.ಗಳು ಆ ಯೋಜನೆಯ ಕೂಸುಗಳು. ಇಂದು ಸರ್ಕಾರಿ ಮತ್ತು ಖಾಸಗಿ ಎರಡೂ ಸೇರಿ ದೇಶದಲ್ಲಿ 14 ಸಾವಿರಕ್ಕೂ ಹೆಚ್ಚು ಐ.ಟಿ.ಐ.ಗಳಿವೆ. ಹೆಚ್ಚಿನ ವೃತ್ತಿಗಳಿಗೆ ಹತ್ತನೆಯ ತರಗತಿ ಪಾಸಾಗಿರಬೇಕು, ಕೆಲವಕ್ಕೆ ಎಂಟನೆಯದೇ ಸಾಕು. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ಶೀತಲ ಯಂತ್ರಗಳ ಮೆಕ್ಯಾನಿಕ್ ಇವೆಲ್ಲ ಎರಡು ವರ್ಷದವು. ವೆಲ್ಡರ್, ಪ್ಲಂಬರ್ ಮೊದಲಾದವು ಒಂದು ವರ್ಷದವು. ಸೌರ ವಿದ್ಯುತ್, ವಿದ್ಯುತ್ ವಾಹನ, ಡ್ರೋನ್ ಮೊದಲಾದ ಹೊಸ ವೃತ್ತಿಗಳೂ ಪಟ್ಟಿಗೆ ಸೇರಿವೆ. ಮುಂಬಯಿಯವರಿಗೆ ಮುಲುಂಡ್, ಅಂಧೇರಿ, ಪುಣೆಯವರಿಗೆ ಔಂಧ್‌ನ ಸರ್ಕಾರಿ ಐ.ಟಿ.ಐ.ಗಳು ಪರಿಚಿತ ಹೆಸರುಗಳು. ಮಹಾರಾಷ್ಟ್ರದಲ್ಲಿ ಪ್ರವೇಶ ಹತ್ತನೆಯ ತರಗತಿಯ ಅಂಕಗಳ ಮೇಲೆ ನಡೆಯುತ್ತದೆ. ವಾಸಸ್ಥಳದ ಡೊಮಿಸೈಲ್ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಹೊರರಾಜ್ಯದಿಂದ ಬಂದ ಕುಟುಂಬಗಳು ಕೊನೆಯ ಗಳಿಗೆಯಲ್ಲಿ ಪರದಾಡುವುದು ಹೆಚ್ಚಾಗಿ ಇಂಥ ಕಾಗದಪತ್ರಗಳಿಗಾಗಿ.

ಐ.ಟಿ.ಐ. ಮುಗಿಸಿದ ಮೇಲೆ ಅಪ್ರೆಂಟಿಸ್‌ಗಿರಿ. ಇದನ್ನು ಬಿಡಲೇಬೇಡಿ. 1961ರ ಅಪ್ರೆಂಟಿಸ್ ಕಾಯಿದೆ ಮತ್ತು ಅದರ ಈಚಿನ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ತಮ್ಮ ನೌಕರರ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 2019ರ ತಿದ್ದುಪಡಿಯಲ್ಲಿ ಅವರ ಕನಿಷ್ಠ ಭತ್ಯೆಯನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ನಿಗದಿ ಮಾಡಲಾಯಿತು. ಮುಂಬಯಿಯ ಖರ್ಚಿಗೆ ಇದು ಏನೇನೂ ಸಾಲದು, ನಿಜ. ಆದರೆ ಇಲ್ಲಿ ನೀವು ಕಲಿಯುವುದಕ್ಕೆ ಹಣ ಕೊಡುತ್ತಿಲ್ಲ, ಪಡೆಯುತ್ತಿದ್ದೀರಿ ಎಂಬುದನ್ನು ಮರೆಯಬೇಡಿ. ಮಜಗಾಂವ್ ಡಾಕ್, ನೌಕಾಪಡೆಯ ಡಾಕ್‌ಯಾರ್ಡ್, ರೈಲ್ವೆ ವರ್ಕ್‌ಶಾಪುಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವ ಹಳೆಯ ಹೆಸರುವಾಸಿ ಜಾಗಗಳು.

ಮುಂದಿನ ಬಾಗಿಲುಗಳೂ ಕಡಿಮೆಯಿಲ್ಲ. ತ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಐ.ಟಿ.ಐ. ಆದವರನ್ನು ಎರಡು ವರ್ಷದ ತರಬೇತಿಗೆ ಆರಿಸಿಕೊಳ್ಳುತ್ತದೆ. 2023ರ ಪ್ರಕಟಣೆಯಲ್ಲಿ ಇವರಿಗೆ ಮೊದಲ ವರ್ಷ ತಿಂಗಳಿಗೆ 20,000, ಎರಡನೆಯ ವರ್ಷ 22,000 ರೂಪಾಯಿ ಭತ್ಯೆ ಇತ್ತು. ರೈಲು ಎಂಜಿನ್ನಿನ ಸಹಾಯಕ ಚಾಲಕರ ಹುದ್ದೆಗೆ ಅರ್ಹತೆ ಬಿ.ಎ. ಅಲ್ಲ, ಬಿ.ಕಾಂ. ಅಲ್ಲ. ಹತ್ತನೆಯ ತರಗತಿಯ ಜೊತೆ ನಿಗದಿತ ವೃತ್ತಿಯಲ್ಲಿ ಐ.ಟಿ.ಐ., ಇಲ್ಲವೇ ಎಂಜಿನಿಯರಿಂಗ್ ಡಿಪ್ಲೊಮಾ. 2024ರ ನೇಮಕಾತಿಯಲ್ಲಿ ಆರಂಭದ ಮೂಲ ವೇತನ 19,900 ರೂಪಾಯಿ, ಅದರ ಮೇಲೆ ಭತ್ಯೆಗಳು ಬೇರೆ. ಸ್ವಂತ ಉದ್ಯೋಗ ಮಾಡುವ ಎಲೆಕ್ಟ್ರಿಷಿಯನ್ ಆಗಬೇಕೆಂದಿದ್ದರೆ ರಾಜ್ಯ ಸರ್ಕಾರದ ಪರವಾನಗಿ ಪಡೆಯಲು ಮರೆಯಬೇಡಿ. ಅದಿಲ್ಲದೆ ದೊಡ್ಡ ಕಟ್ಟಡಗಳ ಗುತ್ತಿಗೆ ನಿಮಗೆ ಸಿಗದು.

ಹತ್ತನೆಯ ತರಗತಿಯ ನಂತರ ನೇರವಾಗಿ ಡಿಪ್ಲೊಮಾ ಸೇರುವವರಿಗೆ ಅಚ್ಚು ಮತ್ತು ಉಪಕರಣ ತಯಾರಿಕೆಯ ವಿಶೇಷ ಶಾಲೆಗಳಿವೆ. ಬೆಂಗಳೂರಿನಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ, ಸ್ವಿಸ್ ನೆರವಿನಿಂದ 1959ರಲ್ಲಿ ಹುಟ್ಟಿದ ನೆಟ್ಟೂರು ತಾಂತ್ರಿಕ ತರಬೇತಿ ಪ್ರತಿಷ್ಠಾನ, ಹೈದರಾಬಾದಿನ ಬಾಲಾನಗರದಲ್ಲಿ 1968ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ ಇವುಗಳಲ್ಲಿ ಮುಖ್ಯವಾದವು. ನಾವು ಬಳಸುವ ಬಾಟಲಿಯ ಮುಚ್ಚಳದಿಂದ ಹಿಡಿದು ಕಾರಿನ ಬಾಗಿಲಿನವರೆಗೆ ಪ್ರತಿಯೊಂದಕ್ಕೂ ಮೊದಲು ಒಂದು ಅಚ್ಚು ಬೇಕು. ಆ ಅಚ್ಚು ಮಾಡುವವನ ಕೆಲಸ ಕಸುಬುಗಳಲ್ಲೇ ಅತ್ಯಂತ ಸೂಕ್ಷ್ಮವಾದದ್ದು.

ಬಾಗಿಲು ಮುಚ್ಚಿಹೋಗುತ್ತದೆಯೇ?

"ಈಗ ಐ.ಟಿ.ಐ. ಸೇರಿದರೆ ಮುಂದೆಂದೂ ಓದಲಾಗದು" ಎಂಬುದು ತಾಯಂದಿರ ದೊಡ್ಡ ಹೆದರಿಕೆ. ಇದು ನಿಜವಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಹೀಗೆ ಎಂಜಿನಿಯರ್ ಆದವನಿಗೆ ನಕ್ಷೆ ಬಿಡಿಸುವುದೂ ಗೊತ್ತು, ಆ ನಕ್ಷೆಯಂತೆ ಕೈಯಿಂದ ಮಾಡುವುದೂ ಗೊತ್ತು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಐ.ಟಿ.ಐ.ಗೆ ಭಾಷಾ ವಿಷಯ ಸೇರಿಸಿ ಹನ್ನೆರಡನೆಯ ತರಗತಿಯ ಸಮಾನತೆ ಪಡೆಯುವ ವ್ಯವಸ್ಥೆಯೂ ಇದೆ. ನನ್ನ ಪರಿಚಯದ ಒಂದು ಮನೆಯಲ್ಲಿ ಮಗ ಮೆಷಿನಿಸ್ಟ್ ಕಲಿತು, ಅಪ್ರೆಂಟಿಸ್ ಆಗಿ, ದುಡಿಯುತ್ತಲೇ ಸಂಜೆ ಹೊತ್ತು ಡಿಪ್ಲೊಮಾ ಮಾಡಿದ. ಅವನ ಓರಗೆಯವರು ಪದವಿ ಹಿಡಿದು ಅರ್ಜಿ ಹಾಕುತ್ತಿದ್ದಾಗ ಅವನ ಹತ್ತಿರ ಡಿಪ್ಲೊಮಾವೂ ಇತ್ತು, ನಾಲ್ಕು ವರ್ಷದ ಅನುಭವವೂ ಇತ್ತು.

ವಿದೇಶದ ಮಾತೂ ಬಂದೇ ಬರುತ್ತದೆ. ಜರ್ಮನಿಯಲ್ಲಿ ಕಸುಬು ಕಲಿಯುವವರು ವಾರದಲ್ಲಿ ಕೆಲವು ದಿನ ಕಾರ್ಖಾನೆಯಲ್ಲಿ, ಕೆಲವು ದಿನ ಶಾಲೆಯಲ್ಲಿ, ಹೀಗೆ ಸುಮಾರು ಮೂರು ವರ್ಷ ಕಲಿಯುತ್ತಾರೆ. ಅಲ್ಲಿನ 'ಮೈಸ್ಟರ್', ಅಂದರೆ ಕಸುಬಿನ ಗುರು ಎಂಬ ಅರ್ಹತೆಯನ್ನು ಆ ದೇಶದ ಶಿಕ್ಷಣ ಚೌಕಟ್ಟಿನಲ್ಲಿ ಪದವಿಯ ಮಟ್ಟದಲ್ಲೇ ಇಟ್ಟಿದ್ದಾರೆ. 2020ರಲ್ಲಿ ಜಾರಿಗೆ ಬಂದ ಅಲ್ಲಿನ ಕಾಯಿದೆ ಹೊರದೇಶದ ಕುಶಲಕರ್ಮಿಗಳಿಗೆ ಬಾಗಿಲು ಅಗಲಿಸಿತು. ಕುಶಲ ಕೆಲಸಗಾರರ ಬಗ್ಗೆ ಜಪಾನ್ 2021ರಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು. ಎರಡೂ ಕಡೆ ಮೊದಲ ಅಡ್ಡಿ ಭಾಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ ಆಡಿ ಬೆಳೆದ ನಿಮಗೆ ಇನ್ನೊಂದು ಭಾಷೆ ಅಷ್ಟು ಕಷ್ಟವಾಗಲಾರದು. ಆದರೆ ಲಕ್ಷಗಟ್ಟಲೆ ಹಣ ಕೇಳುವ ದಲ್ಲಾಳಿಗಳಿಂದ ದೂರವಿರಿ. ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾದ ಸಂಸ್ಥೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಹುಡುಗಿಯರಿಗೆ ಒಂದು ಮಾತು

ಕಸುಬು ಎಂದ ಕೂಡಲೇ ಹೊಲಿಗೆ, ಬ್ಯೂಟಿ ಪಾರ್ಲರ್ ಎಂದು ನಿಮಗೆ ತೋರಿಸುತ್ತಾರೆ. ಅವೂ ಒಳ್ಳೆಯವೇ, ಆದರೆ ಅಷ್ಟೇ ಅಲ್ಲ. ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎಂದು ಹೆಸರಾದ ಸುರೇಖಾ ಯಾದವ್ ನಮ್ಮ ನೆರೆಯ ಸಾತಾರಾ ಜಿಲ್ಲೆಯವರು. ಅವರು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಘಾಟಿಯಲ್ಲಿ ರೈಲು ಓಡಿಸಿ, 2023ರಲ್ಲಿ ಸೊಲ್ಲಾಪುರದಿಂದ ಮುಂಬಯಿಗೆ ವಂದೇ ಭಾರತ್ ಗಾಡಿಯನ್ನೂ ತಂದು, 2025ರಲ್ಲಿ ನಿವೃತ್ತರಾದರು. ಎಲೆಕ್ಟ್ರಾನಿಕ್ಸ್, ನಕ್ಷೆಗಾರಿಕೆ, ಉಪಕರಣಗಳ ದುರಸ್ತಿ, ಬೇಕರಿ ಇವುಗಳಿಗೆ ಬೇಕಾದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ನಿಖರತೆ. ಹಗಲಿಡೀ ಮನೆಯಲ್ಲಿ ಒಂಟಿಯಾಗಿರುವ ಹೆಂಗಸರು ರಿಪೇರಿಗೆ ಒಬ್ಬ ಹೆಣ್ಣುಮಗಳು ಬಂದರೆ ಎಷ್ಟು ನಿರಾಳವಾಗುತ್ತಾರೆ ಎಂಬುದನ್ನು ನಾನು ಬಲ್ಲೆ. ಈ ಬೇಡಿಕೆಗೆ ಸರಿಯಾಗಿ ಉತ್ತರಿಸಿದವರು ಇನ್ನೂ ಕಡಿಮೆ.

ಕಷ್ಟವನ್ನು ಮುಚ್ಚಿಡಬಾರದು

ಎಲ್ಲ ಸುಖವೆಂದು ಹೇಳಿದರೆ ನಾನು ನಿಮ್ಮ ಹಿತೈಷಿ ಅಲ್ಲ. ಕಸುಬಿನ ಆರಂಭದ ಸಂಬಳ ಕಡಿಮೆ. ಅನೇಕ ಕಾರ್ಖಾನೆಗಳು ಖಾಯಂ ಮಾಡದೆ ಗುತ್ತಿಗೆಯ ಮೇಲೇ ವರ್ಷಗಟ್ಟಲೆ ದುಡಿಸಿಕೊಳ್ಳುತ್ತವೆ. ಕೆಲವು ಐ.ಟಿ.ಐ.ಗಳಲ್ಲಿ ಯಂತ್ರಗಳು ಹಳೆಯವು, ಕೆಲವೆಡೆ ಕಲಿಸುವವರೇ ಇರುವುದಿಲ್ಲ. ಸೇರುವ ಮೊದಲು ಒಂದು ದಿನ ಹೋಗಿ ವರ್ಕ್‌ಶಾಪ್ ನೋಡಿ. ಯಂತ್ರಗಳು ಓಡುತ್ತಿವೆಯೇ, ಧೂಳು ಹಿಡಿದಿವೆಯೇ? ಕಳೆದ ವರ್ಷದ ಹುಡುಗರು ಎಲ್ಲಿ ಕೆಲಸ ಮಾಡುತ್ತಿದ್ದಾರೆ? ರಾಷ್ಟ್ರೀಯ ಮಾನ್ಯತೆ ಇದೆಯೇ? ಈ ಮೂರು ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆಡೆ ನೋಡಿ. ಅಪಾಯವೂ ಇದೆ. ಕನ್ನಡಕ, ಕೈಗವಸು, ಗಟ್ಟಿ ಬೂಟು ಎಲ್ಲೆಲ್ಲಿ ಧರಿಸಬೇಕೆಂದು ಕಲಿಸಿದ್ದಾರೋ ಅಲ್ಲೆಲ್ಲ ಧರಿಸಿ. "ಅಭ್ಯಾಸವಾಗಿದೆ" ಎಂದು ಬರಿಗಣ್ಣಿನಲ್ಲಿ ವೆಲ್ಡಿಂಗ್ ಮಾಡುವವರನ್ನು ಗುರುವೆಂದು ಭಾವಿಸಬೇಡಿ.

ಈ ಎಲ್ಲಕ್ಕಿಂತ ಭಾರವಾದದ್ದು ಜನರ ಮಾತು. ಸಂಬಂಧ ನೋಡುವಾಗ "ಹುಡುಗ ಏನು ಓದಿದ್ದಾನೆ?" ಎಂಬ ಪ್ರಶ್ನೆ ಇಂದಿಗೂ ಮೊದಲು ಬರುತ್ತದೆ. ಇದನ್ನು ಬದಲಿಸುವ ಹೊಣೆ ನಿಮ್ಮದಲ್ಲ, ಹಿರಿಯರಾದ ನಮ್ಮದು. ಸಂಘದ ಪ್ರತಿಭಾ ಪುರಸ್ಕಾರದಲ್ಲಿ ಶೇಕಡಾ 90 ಪಡೆದವರ ಜೊತೆಗೆ ಐ.ಟಿ.ಐ.ನಲ್ಲಿ ಒಳ್ಳೆಯ ಶ್ರೇಣಿ ಪಡೆದವರನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರೆ ಒಂದು ಆರಂಭವಾದೀತು. 2019ರಲ್ಲಿ ರಷ್ಯಾದ ಕಜಾನಿನಲ್ಲಿ ನಡೆದ ವಿಶ್ವ ಕೌಶಲ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಚಿನ್ನದ ಪದಕ ಬಂತು. ವಿಷಯ ಜಲ ತಂತ್ರಜ್ಞಾನ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆ ಸುದ್ದಿ ಮಾತಿಗೆ ಬಂದಿತ್ತು?

ನಮ್ಮ ಪರಂಪರೆಗೆ ಇದು ಹೊಸದೇನಲ್ಲ. ಹನ್ನೆರಡನೆಯ ಶತಮಾನದ ನಮ್ಮ ಶರಣರನ್ನು ನೆನಪಿಸಿಕೊಳ್ಳಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ನಾವು ಹೆಸರಿನ ಹಿಂದೆ ಪದವಿ ಹಚ್ಚಿಕೊಳ್ಳುತ್ತೇವೆ. ಅವರ ಹೆಸರಿನ ಮುಂದೆ ಕಸುಬು ನಿಂತಿತು, ಎಂಟು ನೂರು ವರ್ಷ ಕಳೆದರೂ ಅದು ಗೌರವವಾಗಿಯೇ ಉಳಿಯಿತು. ಇನ್ನು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಹುಟ್ಟಿದ ದಿನ ಸೆಪ್ಟೆಂಬರ್ 15ನ್ನು ದೇಶವೇ ಎಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ತೆಗೆದುಕೊಳ್ಳದೆ, ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸುವಂತೆ ಹೇಳಿದರು. ಅದಕ್ಕೆ ತಮ್ಮ ಹೆಸರನ್ನೂ ಇಡಗೊಡಲಿಲ್ಲ. ಮಹಾರಾಜ ಜಯಚಾಮರಾಜೇಂದ್ರರ ಹೆಸರಿನಲ್ಲಿ ಹುಟ್ಟಿದ ಆ ಸಂಸ್ಥೆ ಇಂದಿಗೂ ಬೆಂಗಳೂರಿನಲ್ಲಿ ಎಸ್.ಜೆ. ಪಾಲಿಟೆಕ್ನಿಕ್ ಆಗಿ ನಡೆಯುತ್ತಿದೆ. ದೇಶದ ದೊಡ್ಡ ಎಂಜಿನಿಯರೊಬ್ಬರು ತಮ್ಮ ದುಡಿಮೆಯ ಹಣವನ್ನು ಯಾವುದಕ್ಕೆ ಮೀಸಲಿಟ್ಟರು ಎಂಬುದನ್ನು ಗಮನಿಸಿ.

ಈಗ ನೀವು ಮಾಡಬೇಕಾದ್ದು ಇಷ್ಟೇ. ನಿಮಗೆ ಬಿಚ್ಚಿ ಜೋಡಿಸುವ ಚಪಲ ಇದೆಯೇ? ಕೆಟ್ಟ ಫ್ಯಾನು, ಸೋರುವ ನಲ್ಲಿ ಕಂಡರೆ ಕೈ ತುರಿಸುತ್ತದೆಯೇ? ಹಾಗಿದ್ದರೆ ಈ ರಜೆಯಲ್ಲಿ ಒಂದು ವಾರ ಪರಿಚಿತ ಕಸುಬುದಾರರೊಬ್ಬರ ಜೊತೆ ಓಡಾಡಿ, ಅವರ ದಿನ ಹೇಗಿರುತ್ತದೆ ಎಂದು ಕಣ್ಣಾರೆ ನೋಡಿ. ಇಷ್ಟವಾದರೆ ಹತ್ತಿರದ ಐ.ಟಿ.ಐ.ಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಇಷ್ಟವಾಗದಿದ್ದರೆ ಸಂತೋಷದಿಂದ ಕಾಲೇಜಿಗೆ ಹೋಗಿ. ಯಾವ ದಾರಿ ಹಿಡಿದರೂ ನೀವೇ ಆರಿಸಿದ್ದಾಗಿರಲಿ, ಪೂರ್ತಿ ಕಲಿತದ್ದಾಗಿರಲಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೈಯ ಜೊತೆ ತಲೆಯೂ ದುಡಿದರೆ ಆ ಮೊಸರು ನಿಮ್ಮೊಬ್ಬರಿಗಲ್ಲ, ಇಡೀ ಮನೆಗೆ ಸಾಕಾಗುತ್ತದೆ.